ಪಾದ್ರಿಗಳು ಬೀದಿಗೆ ಯಾಕೆ ಇಳಿಯುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಿಲುವಂಗಿ ತೊಟ್ಟ ಪಾದ್ರಿಯೊಬ್ಬರು ಮೆರವಣಿಗೆಯಲ್ಲಿ ಕಂಡರೆ ಸಾಕು, ಪ್ರಶ್ನೆಗಳು ಶುರುವಾಗುತ್ತವೆ. ಚರ್ಚಿನ ಒಳಗಿನವರೂ ಕೇಳುತ್ತಾರೆ, ಹೊರಗಿನವರೂ ಕೇಳುತ್ತಾರೆ. ಹಾಗೆ ಜಾಸ್ತಿ ಕೇಳಿಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಫಾದರ್, ಪಾಸ್ಟರ್, ಅಯ್ಯನವರು, ಸಭಾಪಾಲಕರು ಎಂದು ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆ ಹೆಸರಿದೆ. ಓದುವುದು ಸುಲಭವಾಗಲಿ ಅಂತ ಎಲ್ಲರನ್ನೂ ಪಾದ್ರಿ ಎಂದೇ ಕರೆದಿದ್ದೇನೆ. ನಾನೂ ವಿಶ್ವಾಸಿ. ನ್ಯಾಯ ಕೇಳುವ ಪಾದ್ರಿಗಳ ಮೇಲೆ ನನಗೆ ಪ್ರೀತಿ ಇದೆ. ಹಾಗಂತ ಚರ್ಚಿನ ತಪ್ಪುಗಳನ್ನು ಮುಚ್ಚಿಟ್ಟಿಲ್ಲ.

ಪಾದ್ರಿಗಳ ಕೆಲಸ ಪೂಜೆ, ಪ್ರಾರ್ಥನೆ. ಬೀದಿಗೆ ಯಾಕೆ ಬರಬೇಕು?

ಅವರ ವಾರ ಹೇಗೆ ಕಳೆಯುತ್ತದೆ ನೋಡಿ. ನಮಗೆ ಕಾಣುವುದು ಭಾನುವಾರದ ಒಂದೆರಡು ಗಂಟೆ. ಉಳಿದ ದಿನ ಅವರು ಕಾಯಿಲೆ ಬಿದ್ದವರ ಮಂಚದ ಪಕ್ಕ ಕೂತಿರುತ್ತಾರೆ. ಜೈಲಿನಲ್ಲಿರುವವರನ್ನು ನೋಡಲು ಹೋಗುತ್ತಾರೆ. ಸತ್ತವರನ್ನು ಮಣ್ಣು ಮಾಡುತ್ತಾರೆ. ಒಂದು ಊರಿನಲ್ಲಿ ಒಂದೇ ಕಾರಣಕ್ಕೆ ಜನ ಸಾಯುತ್ತಿದ್ದರೆ ಅದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೇ. ಹತ್ತನೇ ಶವಪೆಟ್ಟಿಗೆಯ ಮುಂದೆ ನಿಂತು "ಎಲ್ಲ ದೇವರ ಚಿತ್ತ" ಅನ್ನೋಕೆ ಬಾಯಿ ಬರುವುದಿಲ್ಲ. ಬೀದಿಗಿಳಿದ ಬಹಳಷ್ಟು ಪಾದ್ರಿಗಳ ಕಥೆ ಒಂದು ಸಾವಿನ ಮನೆಯಿಂದಲೇ ಶುರುವಾಗುತ್ತದೆ.

ಎಲ್ ಸಾಲ್ವಡಾರ್ ದೇಶದ ಮಹಾಧರ್ಮಾಧ್ಯಕ್ಷ (ಆರ್ಚ್‌ಬಿಷಪ್) ಆಸ್ಕರ್ ರೊಮೆರೊ ಅವರನ್ನೇ ನೋಡಿ. 1977ರ ಫೆಬ್ರವರಿಯಲ್ಲಿ ಅವರು ಆ ಪೀಠಕ್ಕೆ ಬಂದಾಗ ಶ್ರೀಮಂತರಿಗೆ ನೆಮ್ಮದಿಯಾಗಿತ್ತು. ಪುಸ್ತಕ ಓದಿಕೊಂಡಿರುವ, ಗಲಾಟೆ ಮಾಡದ ಮನುಷ್ಯ ಎಂದು ಅವರಿಗೆ ಹೆಸರಿತ್ತು. ಮಾರ್ಚ್ 12ರಂದು ಅವರ ಗೆಳೆಯ, ಜೆಸ್ಯೂಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿ ರುತಿಲಿಯೊ ಗ್ರಾಂದೆ ಅವರನ್ನು ದಾರಿಯಲ್ಲಿ ಗುಂಡಿಟ್ಟು ಕೊಂದರು. ಜೊತೆಗಿದ್ದ ಒಬ್ಬ ಮುದುಕ, ಒಬ್ಬ ಹುಡುಗ ಕೂಡ ಸತ್ತರು. ಗ್ರಾಂದೆ ಮಾಡಿದ್ದು ಇಷ್ಟೇ: ಕಬ್ಬಿನ ಗದ್ದೆಯ ಕೂಲಿಗಳ ಜೊತೆ ಕೂತು ಬೈಬಲ್ ಓದಿದ್ದರು, ಅವರು ಸಂಘ ಕಟ್ಟಿದಾಗ ಅವರ ಪಕ್ಕ ನಿಂತಿದ್ದರು. ಆ ರಾತ್ರಿ ರೊಮೆರೊ ಮೂರು ಹೆಣಗಳ ಮುಂದೆ ಪೂಜೆ ಅರ್ಪಿಸಿದರು. ಮರು ಭಾನುವಾರ ತಮ್ಮ ಕೈಕೆಳಗಿನ ಎಲ್ಲ ಚರ್ಚುಗಳ ಪೂಜೆ ನಿಲ್ಲಿಸಿ, ರಾಜಧಾನಿಯಲ್ಲಿ ಒಂದೇ ಒಂದು ಪೂಜೆ ಇಟ್ಟರು. ಸರ್ಕಾರ ಬೇಡ ಅಂದಿತು, ಅವರು ಕೇಳಲಿಲ್ಲ. ಮುಂದಿನ ಮೂರು ವರ್ಷ ರೇಡಿಯೊದಲ್ಲಿ ಬರುತ್ತಿದ್ದ ಅವರ ಭಾನುವಾರದ ಉಪದೇಶದಲ್ಲಿ ಆ ವಾರ ಕೊಲೆಯಾದವರ, ಕಾಣೆಯಾದವರ ಹೆಸರುಗಳನ್ನು ಓದುತ್ತಿದ್ದರು. ಪತ್ರಿಕೆಗಳು ಅಚ್ಚು ಹಾಕಲು ಹೆದರಿದ ಹೆಸರುಗಳು ಅವು. ಮನೆಯವರು ರೇಡಿಯೊ ಮುಂದೆ ಕೂತು ಮಗನ ಹೆಸರಿಗಾಗಿ ಕಿವಿಗೊಟ್ಟು ಕಾಯುವುದನ್ನು ಒಮ್ಮೆ ಊಹಿಸಿಕೊಳ್ಳಿ. 1980ರ ಮಾರ್ಚ್ 24ರಂದು ಆಸ್ಪತ್ರೆಯೊಂದರ ಚಿಕ್ಕ ಪ್ರಾರ್ಥನಾಲಯದಲ್ಲಿ ಪೂಜೆ ಮಾಡುತ್ತಿದ್ದಾಗ ಅವರನ್ನೂ ಗುಂಡಿಟ್ಟು ಕೊಂದರು. 2018ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ಇದಕ್ಕೆ ಬೈಬಲಿನಲ್ಲಿ ಆಧಾರ ಇದೆಯಾ?

ಇದೆ, ಅದೂ ಧಾರಾಳವಾಗಿ. ಗುಲಾಮರಾಗಿದ್ದ ಜನರನ್ನು ದೇವರು ಫರೋಹನ ಕೈಯಿಂದ ಬಿಡಿಸಿಕೊಂಡು ಬಂದ ಕಥೆ ಹಳೆಯ ಒಡಂಬಡಿಕೆಯ ಬೆನ್ನೆಲುಬು. ಆಮೋಸ ಕುರಿ ಕಾಯುವವನು. ಬಡವರನ್ನು ಒಂದು ಜೊತೆ ಕೆರಕ್ಕೆ ಮಾರುವವರ ಹಾಡು, ಹಬ್ಬ ಯಾವುದೂ ದೇವರಿಗೆ ಬೇಡ ಅನ್ನುತ್ತಾನೆ. ಯೆಶಾಯನ 58ನೇ ಅಧ್ಯಾಯದಲ್ಲಿ ಉಪವಾಸ ಅಂದರೆ ನೊಗ ಮುರಿಯುವುದು, ಹಸಿದವರಿಗೆ ಅನ್ನ ಹಂಚುವುದು. ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಓದಿದ್ದೂ ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ ಎನ್ನುವ ಭಾಗವನ್ನೇ. ಲೂಕನ ಸುವಾರ್ತೆಯ 4ನೇ ಅಧ್ಯಾಯ ತೆಗೆದು ಓದಿ. ಊರವರು ಕೊನೆಗೆ ಅವರನ್ನು ಗುಡ್ಡದ ತುದಿಯಿಂದ ತಳ್ಳಲು ಹೊರಟರು.

"ಅಧಿಕಾರಿಗಳಿಗೆ ಅಧೀನರಾಗಿರಿ" ಅಂತಲೂ ಬೈಬಲ್ ಹೇಳುತ್ತದೆ ಅಲ್ವಾ?

ಹೌದು, ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ. ಆದರೆ ಅದೇ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ 5ನೇ ಅಧ್ಯಾಯವೂ ಇದೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರ ಅಲ್ಲಿ ನ್ಯಾಯಸಭೆಯ ಎದುರಿಗೇ ಹೇಳುತ್ತಾನೆ. ಈ ಎರಡರ ನಡುವೆ ಕ್ರೈಸ್ತರು ಎರಡು ಸಾವಿರ ವರ್ಷ ತೊಳಲಾಡಿದ್ದಾರೆ.

ಜರ್ಮನಿಯಲ್ಲಿ ಹಿಟ್ಲರ್ ಬಂದಾಗ ಬಹಳ ಜನ ಪಾದ್ರಿಗಳು 13ನೇ ಅಧ್ಯಾಯ ಹಿಡಿದು ಸುಮ್ಮನಾದರು. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿದ ಕೆಲವರು, ಚರ್ಚಿಗೆ ಕ್ರಿಸ್ತನೊಬ್ಬನೇ ಒಡೆಯ, ಬೇರೆ ಯಾವ ನಾಯಕನೂ ಅಲ್ಲ ಎಂದು ಬರೆದು ಘೋಷಿಸಿದರು. ಧೈರ್ಯದ ಮಾತು ಅದು. ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. ಚರ್ಚಿನ ಸ್ವಾತಂತ್ರ್ಯಕ್ಕೆ ಎದ್ದು ನಿಂತವರು ಪಕ್ಕದ ಮನೆಯವರ ಜೀವಕ್ಕೆ ಎದ್ದು ನಿಲ್ಲಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಇವರ ಜೊತೆಯವರೇ ಆದ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ 1933ರಲ್ಲೇ ಯೆಹೂದ್ಯರ ಪರ ಬರೆದಿದ್ದರು. ಚಕ್ರದಡಿ ಸಿಕ್ಕವರ ಗಾಯಕ್ಕೆ ಪಟ್ಟಿ ಕಟ್ಟಿದರಷ್ಟೇ ಸಾಲದು, ಚಕ್ರವನ್ನೇ ತಡೆಯಬೇಕಾದ ಹೊತ್ತು ಬರಬಹುದು ಎನ್ನುವುದು ಅವರ ವಾದ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಇನ್ನೊಂದು ಉದಾಹರಣೆ 1982ರದು. ಅಮೆರಿಕದ ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚ್, ಎಲ್ ಸಾಲ್ವಡಾರ್ ಮತ್ತು ಗ್ವಾಟೆಮಾಲದಿಂದ ಜೀವ ಉಳಿಸಿಕೊಂಡು ಓಡಿಬಂದವರಿಗೆ ಆಶ್ರಯ ಕೊಡುತ್ತೇವೆ ಎಂದು ಬಹಿರಂಗವಾಗಿ ಸಾರಿತು. ಅದಕ್ಕೆ ಆರಿಸಿಕೊಂಡ ದಿನ ಮಾರ್ಚ್ 24, ರೊಮೆರೊ ಸತ್ತು ಎರಡು ವರ್ಷ ತುಂಬಿದ ದಿನ. ನೂರಾರು ಚರ್ಚುಗಳು ಇದನ್ನು ಹಿಂಬಾಲಿಸಿದವು. ಅಲ್ಲಿನ ಪಾದ್ರಿ ಜಾನ್ ಫೈಫ್ ಮತ್ತು ಜೊತೆಗಾರರ ಮೇಲೆ ಕೇಸು ನಡೆದು 1986ರಲ್ಲಿ ಶಿಕ್ಷೆಯೂ ಆಯಿತು. ಕಾನೂನು ಮುರಿಯುವವರು ಮುಖ ಮುಚ್ಚಿಕೊಳ್ಳದೆ, ಹೆಸರು ಹೇಳಿ, ಶಿಕ್ಷೆಗೆ ಸಿದ್ಧರಾಗಿ ಮುರಿಯುವುದು ಈ ಪರಂಪರೆಯ ಗುರುತು.

ಬಡವರಿಗೆ ಊಟ, ಬಟ್ಟೆ ಕೊಟ್ಟರೆ ಸಾಕಲ್ವಾ?

ಕೊಡಲೇಬೇಕು. ಇವತ್ತು ಹಸಿದವನಿಗೆ ಇವತ್ತೇ ಊಟ ಬೇಕು. ಆದರೆ ನಾಳೆಯೂ ಅವನು ಅದೇ ಸಾಲಿನಲ್ಲಿ ನಿಂತಿದ್ದರೆ ಯಾಕೆ ಅಂತ ಕೇಳಬೇಕು. ಬ್ರೆಜಿಲಿನ ಮಹಾಧರ್ಮಾಧ್ಯಕ್ಷ ಹೆಲ್ಡರ್ ಕಾಮರಾ ಇದನ್ನು ಅನುಭವದಿಂದ ಹೇಳುತ್ತಿದ್ದರು: ಬಡವರಿಗೆ ಅನ್ನ ಕೊಟ್ಟಾಗ ಜನ ತಮ್ಮನ್ನು ಸಂತ ಎನ್ನುತ್ತಾರೆ, ಅವರು ಬಡವರಾಗಿರುವುದು ಯಾಕೆ ಎಂದು ಕೇಳಿದರೆ ಕಮ್ಯುನಿಸ್ಟ್ ಎನ್ನುತ್ತಾರೆ ಎಂದು.

ಒಂದು ಹೋರಾಟಕ್ಕೆ ಚರ್ಚ್ ನಿಜವಾಗಿ ಏನು ಕೊಡುತ್ತದೆ? ಬರೀ ಭಾಷಣವಾ?

ಭಾಷಣ ಎಲ್ಲರಿಗೂ ನೆನಪಿರುತ್ತದೆ. ಕೆಲಸಕ್ಕೆ ಬರುವುದು ಬಾಗಿಲಿನ ಬೀಗದ ಕೈ, ಕುರ್ಚಿ, ಕಾಣಿಕೆ ಡಬ್ಬಿ, ವಾಹನ.

ಅಮೆರಿಕದ ಮಾಂಟ್‌ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಂಧನವಾಯಿತು. ಬಸ್ ಹತ್ತಬೇಡಿ ಎನ್ನುವ ಕರಪತ್ರಗಳನ್ನು ರಾತ್ರಿಯಿಡೀ ಕೂತು ಸಾವಿರಗಟ್ಟಲೆ ಅಚ್ಚು ಹಾಕಿದವರು ಜೋ ಆನ್ ರಾಬಿನ್ಸನ್ ಎಂಬ ಕಾಲೇಜು ಅಧ್ಯಾಪಕಿ. ಡಿಸೆಂಬರ್ 5ರ ಸಂಜೆ ಸಾವಿರಾರು ಜನ ಸೇರಲು ಒಂದು ಜಾಗ ಬೇಕಾಯಿತು. ಕರಿಯರ ಕೈಯಲ್ಲೇ ಇದ್ದ ದೊಡ್ಡ ಕಟ್ಟಡ ಎಂದರೆ ಚರ್ಚ್. ಹೋಲ್ಟ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಭೆ ಸೇರಿತು. ಮಾತಾಡಿದವರು ಆಗಿನ್ನೂ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್. ಮುಂದೆ ವಾರಕ್ಕೆರಡು ಸಲ ಚರ್ಚುಗಳಲ್ಲಿ ಸಭೆ ನಡೆಯುತ್ತಿತ್ತು. ಹಾಡು, ಪ್ರಾರ್ಥನೆ, ಆಮೇಲೆ ಯಾವ ಕಾರು ಎಲ್ಲಿ ನಿಲ್ಲುತ್ತದೆ ಎನ್ನುವ ಲೆಕ್ಕ. ಕೆಲಸಕ್ಕೆ ಹೋಗುವವರನ್ನು ಕರೆದೊಯ್ಯಲು ಚರ್ಚುಗಳ ಹೆಸರಲ್ಲೇ ದೊಡ್ಡ ಕಾರುಗಳನ್ನು ಕೊಂಡರು. ಜನ ಅವನ್ನು ಉರುಳುವ ಚರ್ಚುಗಳು ಎಂದು ಕರೆಯುತ್ತಿದ್ದರು. 381 ದಿನ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಕರಿಯರ ಸಭೆಗೆ ಪಾದ್ರಿಯಾಗಿದ್ದ ಬಿಳಿಯ ರಾಬರ್ಟ್ ಗ್ರೇಟ್ಜ್ ಅವರ ಮನೆಗೂ ಬಿತ್ತು. ಕೊನೆಗೆ ಸುಪ್ರೀಂ ಕೋರ್ಟ್ ಬಸ್ಸಿನ ಭೇದಭಾವ ಸಂವಿಧಾನಕ್ಕೆ ವಿರುದ್ಧ ಎಂದಿತು.

ಕಿಂಗ್ ಅವರ ಕೊನೆಯ ಹೋರಾಟ ನನಗೆ ಇದಕ್ಕಿಂತ ಹತ್ತಿರದ್ದು. 1968ರ ಫೆಬ್ರವರಿ 1ರಂದು ಮೆಂಫಿಸ್ ನಗರದಲ್ಲಿ ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗಕ್ಕೆ ಹತ್ತಿದ್ದ ಇಬ್ಬರು ಕಸ ಎತ್ತುವ ಕೆಲಸಗಾರರು ಯಂತ್ರಕ್ಕೆ ಸಿಕ್ಕಿ ನಜ್ಜುಗುಜ್ಜಾಗಿ ಸತ್ತರು. 1,300ಕ್ಕೂ ಹೆಚ್ಚು ಕೆಲಸಗಾರರು ಮುಷ್ಕರ ಹೂಡಿದರು. ನಾನು ಮನುಷ್ಯ ಎಂದು ಬರೆದ ಫಲಕ ಹಿಡಿದು ನಡೆದರು. ಊರಿನ ಪಾದ್ರಿ ಜೇಮ್ಸ್ ಲಾಸನ್ ಕರೆದರು, ಕಿಂಗ್ ಬಂದರು. ಏಪ್ರಿಲ್ 4ರಂದು ಅಲ್ಲೇ ಅವರ ಕೊಲೆಯಾಯಿತು. ಹನ್ನೆರಡು ದಿನದ ನಂತರ ನಗರಸಭೆ ಸಂಘಕ್ಕೆ ಮಾನ್ಯತೆ ಕೊಟ್ಟು ಕೂಲಿ ಹೆಚ್ಚಿಸಿತು.

ಅನ್ಯಾಯದ ಕಡೆಯೂ ಪಾದ್ರಿಗಳೇ ಇದ್ದರಲ್ಲ?

ಇದ್ದರು. ಎಷ್ಟೋ ಸಲ ಆ ಕಡೆಯವರೇ ಜಾಸ್ತಿ. ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಹೆಸರಾಂತ ಪತ್ರ ಉತ್ತರಿಸಿದ್ದು ಯಾರಿಗೆ ಗೊತ್ತಾ? ಎಂಟು ಜನ ಬಿಳಿಯ ಧರ್ಮಗುರುಗಳಿಗೆ. ಅವರು ಕೆಟ್ಟವರೆಂದು ಹೆಸರಾದವರಲ್ಲ. ಹೋರಾಟಕ್ಕೆ ಇದು ಹೊತ್ತಲ್ಲ, ಸ್ವಲ್ಪ ಕಾಯಿರಿ ಅಂದಿದ್ದರು, ಅಷ್ಟೇ.

ದಕ್ಷಿಣ ಆಫ್ರಿಕಾದಲ್ಲಿ ಡಚ್ ರಿಫಾರ್ಮ್ಡ್ ಚರ್ಚ್ 1857ರಲ್ಲಿ ಒಂದು ಸಣ್ಣ ರಿಯಾಯಿತಿ ಕೊಟ್ಟಿತು. ಕರಿಯರ ಜೊತೆ ಒಂದೇ ಮೇಜಿನಲ್ಲಿ ಪ್ರಭುಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ) ತೆಗೆದುಕೊಳ್ಳಲು ಕೆಲವು ಬಿಳಿಯರಿಗೆ ಕಷ್ಟ, ಅವರ ದೌರ್ಬಲ್ಯದ ಕಾರಣಕ್ಕೆ ಬೇರೆ ಕೂರಿಸಬಹುದು ಎಂದು. ಕೆಲವರ ಸಂಕೋಚಕ್ಕೆ ಮಾಡಿದ ಏರ್ಪಾಡು ರೂಢಿಯಾಯಿತು. ರೂಢಿ ಬೇರೆ ಚರ್ಚುಗಳಾಯಿತು. ನೂರು ವರ್ಷ ಕಳೆಯುವುದರೊಳಗೆ ಅದೇ ಚರ್ಚಿನ ಪಂಡಿತರು ವರ್ಣಭೇದ ನೀತಿಗೆ ಬೈಬಲಿನ ವಚನ ಹುಡುಕಿ ಕೊಡುತ್ತಿದ್ದರು. ಅನ್ಯಾಯ ಶುರುವಾಗಿದ್ದು ಪ್ರಭುಭೋಜನದ ಮೇಜಿನಲ್ಲಿ ಎನ್ನುವುದು ನನ್ನನ್ನು ಬಿಟ್ಟೂ ಬಿಡದೆ ಕಾಡುತ್ತದೆ.

ಅದನ್ನು ಎದುರಿಸಿದವರೂ ಅದೇ ಮನೆಯಿಂದ ಬಂದರು. ಬೇಯರ್ಸ್ ನಾಡೆ ಆ ಚರ್ಚಿನ ಗೌರವಾನ್ವಿತ ಪಾದ್ರಿ. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರ ಗುಂಡಿಗೆ, ಸರ್ಕಾರಿ ಲೆಕ್ಕದಲ್ಲೇ, 69 ಜನ ಸತ್ತ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. 1963ರಲ್ಲಿ ಪ್ರಸಂಗಪೀಠ ಬಿಟ್ಟು ಹೊರಬಂದರು. 1977ರಿಂದ ಏಳು ವರ್ಷ ಸರ್ಕಾರ ಅವರ ಬಾಯಿ ಕಟ್ಟಿತ್ತು. ಸಭೆಯಲ್ಲಿ ಮಾತಾಡುವ ಹಾಗಿಲ್ಲ, ಅವರ ಮಾತನ್ನು ಯಾರೂ ಅಚ್ಚು ಹಾಕುವ ಹಾಗಿಲ್ಲ. 1982ರಲ್ಲಿ ರಿಫಾರ್ಮ್ಡ್ ಚರ್ಚುಗಳ ಜಾಗತಿಕ ಒಕ್ಕೂಟ ವರ್ಣಭೇದದ ಸಮರ್ಥನೆಯನ್ನು ಪಾಷಂಡ ಬೋಧನೆ, ಅಂದರೆ ಕ್ರೈಸ್ತ ನಂಬಿಕೆಗೇ ವಿರುದ್ಧವಾದ ಬೋಧನೆ ಎಂದು ಘೋಷಿಸಿತು.

ಒಬ್ಬನೇ ಮನುಷ್ಯನೊಳಗೂ ಎರಡೂ ಇರಬಹುದು. ಹದಿನಾರನೇ ಶತಮಾನದಲ್ಲಿ ಅಮೆರಿಕ ಖಂಡದ ಮೂಲನಿವಾಸಿಗಳ ಪರ ಬದುಕಿಡೀ ಹೋರಾಡಿದ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಮೊದಲು ತಾವೇ ಅವರನ್ನು ಜೀತಕ್ಕಿಟ್ಟುಕೊಂಡಿದ್ದರು. 1514ರಲ್ಲಿ ಬಿಟ್ಟುಕೊಟ್ಟರು. ಆದರೆ ಇವರ ಬದಲು ಆಫ್ರಿಕಾದಿಂದ ಗುಲಾಮರನ್ನು ತರಿಸಿ ಎಂದು ಸಲಹೆಯನ್ನೂ ಕೊಟ್ಟರು. ಅದು ಎಂಥ ಪಾಪ ಎಂದು ಅರ್ಥವಾಗಲು ಅವರಿಗೆ ವರ್ಷಗಳೇ ಬೇಕಾದವು. ಆಮೇಲೆ ಪಶ್ಚಾತ್ತಾಪಪಟ್ಟು ತಮ್ಮ ಕೈಯಲ್ಲೇ ಬರೆದಿಟ್ಟಿದ್ದಾರೆ.

ಚರ್ಚಿನ ಒಳಗೇ ಅನ್ಯಾಯ ಇರುವಾಗ ಹೊರಗೆ ನ್ಯಾಯ ಕೇಳುವುದು ಸರಿಯಾ?

ಕೇಳುವ ಹಕ್ಕು ಹೋಗುವುದಿಲ್ಲ, ಆದರೆ ಮಾತಿನ ತೂಕ ಹೋಗುತ್ತದೆ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗ ಮಾಡಿ ಮುಚ್ಚಿಟ್ಟಿದ್ದು ಹಲವು ದೇಶಗಳಲ್ಲಿ ಬಯಲಾಗಿದೆ. ನೊಂದವರು ಮೊದಲು ಹೇಳಿಕೊಂಡಾಗ ಅವರನ್ನೇ ಸುಮ್ಮನಾಗಿಸಿದರು. ಸಭೆಯ ಕೆಲಸಗಾರರಿಗೆ ಸರಿಯಾದ ಸಂಬಳ ಇದೆಯಾ, ಆಸ್ತಿಯ ಲೆಕ್ಕ ಎಲ್ಲರ ಮುಂದೆ ಇದೆಯಾ, ಮಕ್ಕಳು ಸುರಕ್ಷಿತವಾ? ಬೀದಿಗಿಳಿಯುವ ಪಾದ್ರಿಯನ್ನು ಜನ ಇದನ್ನೂ ಕೇಳುತ್ತಾರೆ. ಕೇಳಲೇಬೇಕು.

ಪಾದ್ರಿಗಳು ಚುನಾವಣೆಗೆ ನಿಲ್ಲಬಹುದಾ?

ಸಭೆಯಿಂದ ಸಭೆಗೆ ನಿಯಮ ಬೇರೆ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನ 285ನೇ ವಿಧಿ, ಆಡಳಿತದ ಅಧಿಕಾರ ಇರುವ ಹುದ್ದೆಯನ್ನು ಪಾದ್ರಿಗಳು ಹಿಡಿಯಬಾರದು ಎನ್ನುತ್ತದೆ. ಜೆಸ್ಯೂಟ್ ಪಾದ್ರಿ ರಾಬರ್ಟ್ ಡ್ರೈನನ್ ಹತ್ತು ವರ್ಷ ಅಮೆರಿಕದ ಸಂಸತ್ತಿನಲ್ಲಿದ್ದರು. 1980ರಲ್ಲಿ ರೋಮಿನಿಂದ ಬೇಡ ಎಂದು ಆಜ್ಞೆ ಬಂದಾಗ ಮತ್ತೆ ನಿಲ್ಲಲಿಲ್ಲ. ಹಲವು ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂಥ ತಡೆ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನಿಲ್ಲದಿರುವುದೇ ವಾಸಿ. ಕೂಲಿ, ಭೂಮಿ, ಜೈಲು, ಯುದ್ಧದ ಬಗ್ಗೆ ಎಷ್ಟು ಬೇಕಾದರೂ ಮಾತಾಡಲಿ. ಒಂದು ಪಕ್ಷದ ಬಾವುಟ ಹಿಡಿದ ಮೇಲೆ ಇನ್ನೊಂದು ಪಕ್ಷದವನು ಸಾಯುವ ಹೊತ್ತಿಗೆ ಅವರನ್ನು ಮನೆಗೆ ಕರೆಯಲು ಹಿಂಜರಿಯುತ್ತಾನೆ.

ವಿಮೋಚನಾ ದೇವಶಾಸ್ತ್ರ ಅಂದರೆ ಕಮ್ಯುನಿಸಮ್ಮಾ?

ಅಲ್ಲ. 1968ರಲ್ಲಿ ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು ಕೊಲಂಬಿಯಾದ ಮೆದೆಯಿನ್ ನಗರದಲ್ಲಿ ಸೇರಿ, ಬಡತನ ತಾನಾಗಿ ಬಂದದ್ದಲ್ಲ, ಮನುಷ್ಯರು ಕಟ್ಟಿದ ವ್ಯವಸ್ಥೆಯ ಫಲ ಎಂದರು. ಪೆರು ದೇಶದ ಪಾದ್ರಿ ಗುಸ್ತಾವೊ ಗುತಿಯೆರೆಸ್ 1971ರಲ್ಲಿ ಇದನ್ನು ಪುಸ್ತಕವಾಗಿ ಬೆಳೆಸಿದರು. ದೇವರು ಬಡವರ ಕಡೆ ನಿಲ್ಲುತ್ತಾನೆ, ಹಾಗಾಗಿ ಬೈಬಲನ್ನು ಬಡವರ ಜಾಗದಲ್ಲಿ ಕೂತು ಓದಬೇಕು ಎನ್ನುವುದು ತಿರುಳು. ಹಳ್ಳಿಯವರು ಸಣ್ಣ ಗುಂಪುಗಳಲ್ಲಿ ಕೂತು ಓದಿ, ತಮ್ಮ ಭೂಮಿ, ನೀರು, ಕೂಲಿಯ ಜೊತೆ ಹೋಲಿಸಿ ಮಾತಾಡುತ್ತಿದ್ದರು. ಕೆಲವರು ಮಾರ್ಕ್ಸ್‌ನ ವಿಶ್ಲೇಷಣೆಯನ್ನು ಬಳಸಿದ್ದು ನಿಜ. 1984ರಲ್ಲಿ ವ್ಯಾಟಿಕನ್ ಅದನ್ನು ಕಟುವಾಗಿ ಟೀಕಿಸಿತು. ಆದರೂ ಬಡವರಿಗೆ ಮೊದಲ ಸ್ಥಾನ ಎನ್ನುವ ಮಾತು ಈಗ ಧರ್ಮಸಭೆಯ ಅಧಿಕೃತ ಬೋಧನೆಯಲ್ಲೇ ಸೇರಿಹೋಗಿದೆ.

ಹೆಂಗಸರ ಹೆಸರು ಯಾಕೆ ಕಡಿಮೆ ಕೇಳುತ್ತೇವೆ?

ಮೈಕಿನ ಮುಂದೆ ಗಂಡಸರು ನಿಂತಿದ್ದರಿಂದ. ಕಿಂಗ್ ಅವರ ಸಂಘಟನೆಯ ಕಚೇರಿಯನ್ನು ಕಟ್ಟಿ ನಿಲ್ಲಿಸಿದವರು ಎಲಾ ಬೇಕರ್. ಒಬ್ಬ ಪಾದ್ರಿಯ ಮಾತಿನ ಮೇಲೆ ಇಡೀ ಚಳವಳಿ ನಿಲ್ಲಬಾರದು ಎಂದು ಅವರು ಆಗಲೇ ಎಚ್ಚರಿಸಿದ್ದರು. ಬ್ರೆಜಿಲಿನ ಕಾಡಿನಲ್ಲಿ ಸಣ್ಣ ರೈತರ ಭೂಮಿಗಾಗಿ ಮೂರು ದಶಕ ದುಡಿದ ಸಿಸ್ಟರ್ ಡೊರೊಥಿ ಸ್ಟಾಂಗ್ ಅವರನ್ನು 2005ರ ಫೆಬ್ರವರಿ 12ರಂದು ಜಮೀನ್ದಾರರ ಬಾಡಿಗೆ ಹಂತಕರು ಕೊಂದರು. ಅವರಿಗೆ 73 ವರ್ಷ, ಕೈಯಲ್ಲಿದ್ದದ್ದು ಬೈಬಲ್. ಲೈಬೀರಿಯಾದಲ್ಲಿ 2003ರಲ್ಲಿ ಬಿಳಿ ಬಟ್ಟೆ ತೊಟ್ಟು ಯುದ್ಧ ನಿಲ್ಲಿಸಿ ಎಂದು ಕೂತ ಹೆಂಗಸರನ್ನು ಸೇರಿಸಿದ ಲೇಮಾ ಬೋವಿ ಲೂಥರನ್ ಚರ್ಚಿನವರು. ಅವರ ಪಕ್ಕದಲ್ಲಿ ಮುಸ್ಲಿಂ ಹೆಂಗಸರೂ ಕೂತಿದ್ದರು.

ಇದೆಲ್ಲ ಮತಾಂತರ ಮಾಡುವ ದಾರಿ ಅಂತ ಹೇಳುತ್ತಾರೆ. ನಿಜವಾ?

ಸಹಾಯಕ್ಕೆ ಬದಲಾಗಿ ಮತ ಬದಲಿಸಲು ಕೇಳಿದರೆ ಅದು ವ್ಯಾಪಾರ. ಅದಕ್ಕೆ ನ್ಯಾಯ ಎನ್ನುವ ಹೆಸರು ಒಪ್ಪುವುದಿಲ್ಲ. ಈ ಪರಂಪರೆಯ ದೊಡ್ಡವರು ಬೇರೆ ನಂಬಿಕೆಯವರ ಜೊತೆಗೇ ನಡೆದರು. 1965ರಲ್ಲಿ ಅಮೆರಿಕದ ಸೆಲ್ಮಾದಲ್ಲಿ ಕರಿಯರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಕಿಂಗ್ ಅವರೊಂದಿಗೆ ಯೆಹೂದ್ಯ ಗುರು ಅಬ್ರಹಾಂ ಹೆಶೆಲ್ ಹೆಜ್ಜೆ ಹಾಕಿದರು. ಆಂಗ್ಲಿಕನ್ ಪಾದ್ರಿಯಾಗಿ ಭಾರತಕ್ಕೆ ಬಂದ ಸಿ. ಎಫ್. ಆಂಡ್ರೂಸ್ 1915ರಲ್ಲಿ ಫಿಜಿಗೆ ಹೋಗಿ ಕಬ್ಬಿನ ತೋಟಗಳಲ್ಲಿ ಕರಾರಿನ ಮೇಲೆ ದುಡಿಯುತ್ತಿದ್ದ ಭಾರತೀಯರ ಪಾಡನ್ನು ಕಣ್ಣಾರೆ ಕಂಡು ವರದಿ ಬರೆದರು. ಆ ಕೂಲಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. 1920ರ ಹೊತ್ತಿಗೆ ಆ ಕರಾರುಗಳು ರದ್ದಾದವು. ಜನ ಅವರನ್ನು ದೀನಬಂಧು ಎಂದರು.

ಜೆಸ್ಯೂಟ್ ಪಾದ್ರಿ ಸ್ಟ್ಯಾನ್ ಸ್ವಾಮಿ ಜಾರ್ಖಂಡಿನಲ್ಲಿ ಆದಿವಾಸಿಗಳ ಭೂಮಿಯ ಬಗ್ಗೆ, ವಿಚಾರಣೆಯಿಲ್ಲದೆ ಜೈಲಿನಲ್ಲಿ ಕೊಳೆಯುವ ಯುವಕರ ಬಗ್ಗೆ ದುಡಿದವರು. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರ ಬಂಧನವಾಯಿತು. ಆರೋಪಗಳನ್ನು ಅವರು ಒಪ್ಪಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ಹೀರುಕೊಳವೆಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು.

ಅಹಿಂಸೆಯಿಂದ ಏನಾದರೂ ಗೆದ್ದಿದ್ದಾರಾ?

ಗೆದ್ದಿದ್ದಾರೆ. ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದ ನಿಕೊಲಾಯ್ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕೆಲವು ವಾರ ಬೆರಳೆಣಿಕೆಯ ಜನ. ನಿಲ್ಲಿಸಲಿಲ್ಲ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಹೊರಬಂದವರ ಜೊತೆ ಸುಮಾರು 70,000 ಜನ ಬೀದಿಯಲ್ಲಿ ನಡೆದರು. ಪೊಲೀಸರು ಸಜ್ಜಾಗಿದ್ದರು. ಜನರ ಕೈಯಲ್ಲಿ ಮೇಣದ ಬತ್ತಿ ಇತ್ತು. ಒಂದು ಕೈ ಬತ್ತಿ ಹಿಡಿದರೆ ಇನ್ನೊಂದು ಕೈ ಗಾಳಿಗೆ ಅಡ್ಡ ಹಿಡಿಯಬೇಕು, ಕಲ್ಲಿಗೆ ಕೈ ಉಳಿಯುವುದಿಲ್ಲ. ಒಂದೂ ಗುಂಡು ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಎಲ್ಲರೂ ಈ ದಾರಿ ಹಿಡಿಯಲಿಲ್ಲ. ಕೊಲಂಬಿಯಾದ ಪಾದ್ರಿ ಕಮಿಲೊ ತೊರೆಸ್ ಬಂದೂಕು ಹಿಡಿದು 1966ರಲ್ಲಿ ಸತ್ತರು. ನನಗೆ ಅವರ ಸಿಟ್ಟು ಅರ್ಥವಾಗುತ್ತದೆ, ದಾರಿ ಒಪ್ಪಿಗೆಯಾಗುವುದಿಲ್ಲ. ದಕ್ಷಿಣ ಆಫ್ರಿಕಾದ ಆಂಗ್ಲಿಕನ್ ಧರ್ಮಾಧ್ಯಕ್ಷ ಡೆಸ್ಮಂಡ್ ಟುಟು 1985ರ ಜುಲೈನಲ್ಲಿ ಡುಡುಜಾದ ಶವಸಂಸ್ಕಾರವೊಂದರಲ್ಲಿ, ಪೊಲೀಸರ ಗೂಢಚಾರ ಎಂದು ಜನ ಹಿಡಿದು ಸುಡಲು ಹೊರಟಿದ್ದ ಮನುಷ್ಯನನ್ನು ಗುಂಪಿನೊಳಗೆ ನುಗ್ಗಿ ಬಿಡಿಸಿದರು. ಸರ್ಕಾರದ ವಿರುದ್ಧ ನಿಲ್ಲಲು ಧೈರ್ಯ ಬೇಕು. ತಮ್ಮದೇ ಜನರ ಸಿಟ್ಟಿನ ಮುಂದೆ ಹಾಗೆ ನಿಲ್ಲಲು ಇನ್ನೂ ಜಾಸ್ತಿ ಬೇಕು.

ನಮ್ಮ ಪಾದ್ರಿ ಏನೂ ಮಾತಾಡುವುದಿಲ್ಲ. ನಾವೇನು ಮಾಡಬಹುದು?

ಮೊದಲು ಅವರ ಜೊತೆ ಕೂತು ಮಾತಾಡಿ. ಹೆದರಿಕೆಗೆ ಕಾರಣ ಇರಬಹುದು. ಮೇಲಿನವರು ವರ್ಗ ಮಾಡಬಹುದು, ಕಾಣಿಕೆ ಕೊಡುವ ದೊಡ್ಡವರು ಮುನಿಸಿಕೊಳ್ಳಬಹುದು. ನಾವು ಜೊತೆಗಿದ್ದೇವೆ ಎಂದು ಐದಾರು ಮನೆಯವರು ಹೇಳಿದರೂ ಅವರಿಗೆ ಬಲ ಬರುತ್ತದೆ. ಜಗಳಕ್ಕೆ ಹೋಗಬೇಡಿ, ಯಾವುದಾದರೂ ಒಂದು ಮನೆಗೆ ಕರೆದುಕೊಂಡು ಹೋಗಿ. ಕೂಲಿ ಸಿಗದವರ ಮನೆ, ಮಗ ಜೈಲಿನಲ್ಲಿರುವವರ ಮನೆ, ಕೆಲಸದ ಜಾಗದಲ್ಲಿ ಯಾರೋ ಸತ್ತುಹೋದ ಮನೆ. ಅರ್ಧ ಗಂಟೆ ಸುಮ್ನೆ ಕೂತು ಅವರ ಮಾತು ಕೇಳಿಸಿಕೊಳ್ಳಲಿ. ಮುಂದಿನ ಭಾನುವಾರ ಪ್ರಾರ್ಥನೆಯಲ್ಲಿ ಆ ಮನೆಯವರ ಹೆಸರು ಹೇಳಬಹುದಾ ಎಂದು, ಅವರ ಒಪ್ಪಿಗೆ ಪಡೆದು, ಹೊರಡುವ ಮುಂಚೆ ಪಾದ್ರಿಗಳನ್ನು ಕೇಳಿ.